ಕಾಗದದ ಅಡಿಯಲ್ಲಿ ಒಂದು ಹೆಸರು

ದರ್ಜಿಗಳ ಬೀದಿಯ ತಿರುವಿನಲ್ಲಿದ್ದ ತನ್ನ ಛಾಪಖಾನೆಯಲ್ಲಿ ಬಿಲ್ ಪುಸ್ತಕ, ಅಂಗಡಿ ಬೋರ್ಡುಗಳ ವಿನ್ಯಾಸ ಮಾಡುತ್ತಿದ್ದವಳನ್ನು ಎಲ್ಲರೂ ಬಣ್ಣದಕ್ಕ ಎನ್ನುತ್ತಿದ್ದರು. ಹಗ್ಗ ಕಂಡರೂ ಹಾವೆಂದು ಹಿಂದೆ ಸರಿಯುವ ಜೀವ ಅವಳದು.

ಅಂಥವಳು ಪುರಸಭೆಯ ಗೋಡೆಯ ಮೇಲಿದ್ದ ಹೊಸ ವಾರ್ಡುಗಳ ನಕ್ಷೆಯ ಫೋಟೋ ತೆಗೆದು ತಂದಳು. ಅಂಗೈಯಗಲದ ಆ ನಕ್ಷೆಯಲ್ಲಿ ಯಾರಿಗೂ ಏನೂ ಕಾಣುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ದೊಡ್ಡದಾಗಿಸಿ ಗೆರೆ ಹಿಡಿದು ಎಳೆದಾಗ ವಿಷಯ ಗೊತ್ತಾಯಿತು. ಇಷ್ಟು ವರ್ಷ ಒಟ್ಟಾಗಿ ನಿಂತು ತಮ್ಮವರೊಬ್ಬರನ್ನು ಆರಿಸುತ್ತಿದ್ದ ಬೀದಿ ಮೂರು ತುಂಡಾಗಿ, ಒಂದೊಂದು ತುಂಡು ಒಂದೊಂದು ದೊಡ್ಡ ವಾರ್ಡಿನ ಬಾಲಕ್ಕೆ ಅಂಟಿಕೊಂಡಿತ್ತು. ಇನ್ನು ಆ ಬೀದಿಯ ಮತ ಎಲ್ಲಿಯೂ ಲೆಕ್ಕಕ್ಕಿಲ್ಲ. ಆಕ್ಷೇಪಣೆಗೆ ಶುಕ್ರವಾರವೇ ಕೊನೆ.

ಎರಡು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ದೇವರನ್ನು ನೆನೆದು ಭಿತ್ತಿಪತ್ರ ಮಾಡಿದಳು. ಕಪ್ಪು ಮಸಿಯಲ್ಲಿ ಬೀದಿ, ಮನೆಮನೆಯ ಗುರುತು, ನಡುವೆ ಕತ್ತರಿ ಆಡಿದಂತೆ ಎರಡು ಬಿಳಿ ಸೀಳು. ಕೆಳಗೆ, ‘ನಿಮ್ಮ ಮನೆ ಯಾವ ತುಂಡಿನಲ್ಲಿದೆ? ಶುಕ್ರವಾರದೊಳಗೆ ಆಕ್ಷೇಪಣೆ ಕೊಡಿ.’ ಛಾಪಖಾನೆಯ ಹೆಸರನ್ನು ಮಾತ್ರ ತೆಗೆದು ಅಚ್ಚಿಗೆ ಕೊಟ್ಟಳು.

ಮರುದಿನ ಬರುವಷ್ಟರಲ್ಲಿ ಬೀದಿಯ ಗೋಡೆಗಳ ತುಂಬ ಭಿತ್ತಿಪತ್ರ. ಪ್ರತಿಯೊಂದರ ಅಡಿಯಲ್ಲೂ ಛಾಪಖಾನೆಯ ಹೆಸರು. ಯಂತ್ರ ನಡೆಸುವ ಚಿಕ್ಕಪ್ಪ ನಲವತ್ತು ವರ್ಷದ ರೂಢಿಯಂತೆ ಹೆಸರಿನ ಅಚ್ಚುಮೊಳೆಗಳನ್ನು ಕೂಡಿಸಿಯೇ ಒತ್ತಿ, ರಾತ್ರಿಯೇ ಅಂಟಿಸಿ ಬಂದಿದ್ದರು.

“ಹೆಸರು ಯಾಕೆ ಹಾಕಿದ್ರಿ ಚಿಕ್ಕಪ್ಪ?”

“ನೀನು ಮರೆತೆ ಅಂದ್ಕೊಂಡೆ ಕಣಮ್ಮ. ಹೆಸರಿಲ್ಲದ ಕಾಗದ ಈ ಬಾಗಿಲು ದಾಟಿದ್ದೇ ಇಲ್ಲ.”

“ಇನ್ನು ಬಾಗಿಲಾದ್ರೂ ಉಳಿಯುತ್ತೋ ಇಲ್ವೋ.”

ಹತ್ತು ಗಂಟೆಗೆ ಪಕ್ಕದ ವಾರ್ಡಿನ ಸದಸ್ಯರ ಕಡೆಯವನೊಬ್ಬ ಬಂದ. ಇಸ್ತ್ರಿ ಮಾಡಿದ ಅಂಗಿ, ಬೆಣ್ಣೆಯಂಥ ಮಾತು.

“ಚೆನ್ನಾಗಿ ಬಿಡಿಸಿದ್ದೀರಿ ಅಕ್ಕ. ಅಂಗಡಿ ಲೈಸೆನ್ಸು ಮುಂದಿನ ತಿಂಗಳು ಮುಗಿಯುತ್ತಲ್ವಾ?”

ಅವನು ಟೈಪು ಮಾಡಿದ ಪತ್ರವೊಂದನ್ನು ಮೇಜಿನ ಮೇಲಿಟ್ಟ. ನಕ್ಷೆ ಸುಳ್ಳು, ನಮ್ಮ ಛಾಪಖಾನೆಯ ಹೆಸರನ್ನು ಯಾರೋ ದುರುಪಯೋಗ ಮಾಡಿದ್ದಾರೆ ಎಂದಿತ್ತು.

“ಐದಕ್ಕೆ ಬರ್ತೀನಿ. ಸಹಿ ಹಾಕಿಡಿ.”

ಸಹಿ ಹಾಕಿದರೆ ಅಂಗಡಿ ಉಳಿಯುತ್ತದೆ, ಬೀದಿಯವರ ಆಕ್ಷೇಪಣೆ ಕಸದ ಬುಟ್ಟಿಗೆ ಹೋಗುತ್ತದೆ. ಬೈಕಿನ ಸದ್ದು ಕೇಳಿದಾಗಲೆಲ್ಲ ಅವಳು ಬೆಚ್ಚಿದಳು. ಹಾಗಿರುವಾಗ ಮುದುಕಿ ದರ್ಜಿಯೊಬ್ಬಳು ಭಿತ್ತಿಪತ್ರ ಕಿತ್ತುಕೊಂಡು ಒಳಬಂದಳು.

“ಹೆಸರು ನೋಡಿ ಬಂದೆ. ಸುಳ್ಳಾದ್ರೆ ಯಾರನ್ನ ಬೈಯ್ಬೇಕು ಅಂತ ಗೊತ್ತಿರಬೇಕಲ್ಲ. ನಮ್ಮನೆ ಎಲ್ಲಿದೆ ತೋರ್ಸು.”

ಬಣ್ಣದಕ್ಕ ಬೆರಳಿಟ್ಟು ತೋರಿಸಿದಳು.

“ಎದುರುಮನೆ ನನ್ನ ತಂಗಿ ಬೇರೆ ವಾರ್ಡಾ? ಬಟ್ಟೆ ಹೀಗೆ ಕತ್ತರಿಸಿದ್ರೆ ಗಿರಾಕಿ ನನ್ನ ಕತ್ತರಿನೇ ಕಿತ್ಕೊಂಡು ಅಟ್ಟಿಸ್ಕೊಂಡು ಬರ್ತಾರೆ. ನಿಜ ತಾನೇ ಇದು?”

“ನಿಜ ಅಜ್ಜಿ,” ಎಂದಳು. ಧ್ವನಿ ಬಾವಿಯೊಳಗಿಂದ ಬಂದಂತಿತ್ತು.

ಅಜ್ಜಿಯ ಹಿಂದೆ ತಂಗಿ, ತಂಗಿಯ ಹಿಂದೆ ಅರ್ಧ ಬೀದಿ. ಒಬ್ಬೊಬ್ಬರಿಗೂ ಮನೆ ತೋರಿಸಿ, ಅರ್ಜಿ ಬರೆದು, ಜೊತೆಗೆ ಒಂದು ಭಿತ್ತಿಪತ್ರ ಪಿನ್ನು ಹೊಡೆದು ಕೊಟ್ಟಳು. ನಾಲ್ಕಕ್ಕೆ ಎಲ್ಲರೂ ಪುರಸಭೆಗೆ ಹೊರಟರು.

ಐದಕ್ಕೆ ಅವನು ಬಂದ. ಅವಳು ಪತ್ರವನ್ನು ಹಾಗೆಯೇ ಅವನತ್ತ ಸರಿಸಿದಳು.

“ಸಹಿ?”

“ನಕ್ಷೆ ಸರಿಯಾಗಿದೆ. ನಾನೇ ಮಾಡಿದ್ದು.”

ಅವನು ಬೈಯಲಿಲ್ಲ. ಪತ್ರವನ್ನು ಅಂಚಿಗೆ ಅಂಚು ಸೇರಿಸಿ ಮಡಚಿ ಜೇಬಿಗಿಟ್ಟುಕೊಂಡ.

“ಆಯ್ತು,” ಎಂದಷ್ಟೇ ಹೇಳಿ ಹೋದ.

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ. ಆ ಒಂದು ಮಾತು ಮನೆಯವರೆಗೂ ಬೆನ್ನಹಿಂದೆ ಬಂತು. ಬೆಳಿಗ್ಗೆ ಬೀಗದ ಮುಂದೆ ನಿಂತು, ‘ದೇವರೇ, ಇವತ್ತೊಂದು ದಿನ’ ಎಂದುಕೊಂಡು, ರಸ್ತೆಯ ಎರಡೂ ಕಡೆ ನೋಡಿ, ಅಂಗಡಿ ತೆರೆದಳು.