ಪಳಗಿದ ಟ್ರ್ಯಾಕ್ಟರ್

ಆ ಕಾಲಕ್ಕೆ ನಮ್ಮ ಕಡೆ ಸಣ್ಣ ಟ್ರ್ಯಾಕ್ಟರ್ ಅಂದರೆ ಮಂದಿ ನಗುತ್ತಿದ್ದರು. ನೇಸರಗಿಯ ಸಂತೆಗೆ ಯಾರಾದರೂ ಅದನ್ನು ಹೊಡೆದುಕೊಂಡು ಬಂದರೆ, ಚಹಾದ ಅಂಗಡಿಯಲ್ಲಿ ಕುಳಿತವರು "ಇದರ ಅವ್ವ ಎಲ್ಲಿ ಅದಾಳೋ? ಇನ್ನೂ ಹಾಲು ಬಿಟ್ಟಿಲ್ಲೇನು?" ಎಂದು ಕೂಗುತ್ತಿದ್ದರು. ದೊಡ್ಡ ಟ್ರ್ಯಾಕ್ಟರ್ ಇದ್ದವರು ದೊಡ್ಡ ಮಂದಿ, ಜೋಡೆತ್ತು ಇದ್ದವರು ಮರ್ಯಾದಸ್ತರು. ನಡುವಿನ ಈ ಮರಿಗೆ ಇನ್ನೂ ಮಾನ ಬಂದಿರಲಿಲ್ಲ. ಅಂಥದ್ದೊಂದು ನಮ್ಮ ಮನೆಗೆ ಬಂದಾಗ ನಾನು ಶಾಲೆಯಲ್ಲಿ ಐದನೇ ಇಯತ್ತೆಯಲ್ಲಿದ್ದೆ. ಅದು ಬಂದ ಮಳೆಗಾಲ ನಮ್ಮ ಮನೆಯಿಂದ ಏನೇನು ಒಯ್ದಿತು ಎಂಬುದನ್ನು ಈಗಲೂ ಸಿಟ್ಟಿಲ್ಲದೆ ಹೇಳಲು ನನಗೆ ಬರುವುದಿಲ್ಲ.

ಟ್ರ್ಯಾಕ್ಟರಿನ ಮಾತು ಹುಟ್ಟಿದ್ದು ನಮ್ಮ ಎತ್ತಿನ ಜೋಡಿ ಒಡೆದದ್ದರಿಂದ. ಬೇಸಿಗೆಯ ಕೊನೆಗೆ ಗಂಟಲು ಬಾತು ಒಂದು ಎತ್ತು ಸತ್ತಿತು. ಉಳಿದದ್ದು ಕೆಂಚ. ಅದಕ್ಕೊಂದು ಜೊತೆ ಹುಡುಕಲು ಅಜ್ಜ ಊರೂರು ತಿರುಗಿದ. ಒಂದು ಕಡೆ ಎತ್ತರ ಕೂಡಲಿಲ್ಲ, ಇನ್ನೊಂದು ಕಡೆ ನಡಿಗೆ ಕೂಡಲಿಲ್ಲ. ಪ್ರತಿ ಸಲ ಬರಿಗೈಯಲ್ಲಿ ಬಂದು ಕೆಂಚನ ಬೆನ್ನು ಸವರುತ್ತ ಕುಳಿತುಕೊಳ್ಳುತ್ತಿದ್ದ. ಕಡೆಗೆ ಅಪ್ಪ, "ಯಪ್ಪಾ, ಇನ್ನ ಎತ್ತು ಬ್ಯಾಡ. ಸಣ್ಣದೊಂದು ಟ್ರ್ಯಾಕ್ಟರ್ ತರೂಣು" ಎಂದ.

ಅಜ್ಜನಿಗೆ ಆಗಲೇ ಮೊಣಕಾಲು ಹಿಡಿದಿತ್ತು. ಕುಂಟೆಯ ಹಿಂದೆ ನಡೆಯುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಏನು ಬಿತ್ತಬೇಕು, ಯಾವಾಗ ಕೊಯ್ಯಬೇಕು ಎಂಬುದೆಲ್ಲ ಅಪ್ಪನ ಕೈಗೆ ಬಂದಿತ್ತು. ಎತ್ತಿನ ವಿಷಯದಲ್ಲಿ ಮಾತ್ರ ಅಜ್ಜನ ಮಾತೇ ಕಡೆಯ ಮಾತು. ಎತ್ತು ಹೋದರೆ ಮನೆಯಲ್ಲಿ ಅವನನ್ನು ಕೇಳುವಂಥದ್ದು ಏನೂ ಉಳಿಯುತ್ತಿರಲಿಲ್ಲ. ಇದು ಅಪ್ಪನಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಎತ್ತು ಅಜ್ಜನ ಮಾತು ಕೇಳುತ್ತಿದ್ದದ್ದನ್ನು ನಾನು ಕಣ್ಣಾರೆ ಕಂಡವಳು. ಒಮ್ಮೆ ಯಾರದೋ ಚಕ್ಕಡಿಯ ಎತ್ತುಗಳು ಬೆದರಿ ಶಾಲೆಯ ಹಾದಿಯಲ್ಲಿ ಓಡಿ ಬಂದವು. ನಾವು ಹುಡುಗರೆಲ್ಲ ಚೀರುತ್ತ ಗೋಡೆಗೆ ಒತ್ತಿ ನಿಂತೆವು. ಅಜ್ಜ ಮಾತ್ರ ಹಾದಿಯ ನಡುವೆ ನಿಂತು ಬಲಗೈ ಎತ್ತಿ "ಹೋ... ಹೋ..." ಎಂದ. ಗಟ್ಟಿಯಾಗಿ ಅಲ್ಲ, ಮನೆಯೊಳಗೆ ಮಾತಾಡಿದ ಹಾಗೆ. ಎತ್ತುಗಳು ಬುಸುಗುಟ್ಟುತ್ತ ಅವನ ಎದೆಯ ಹತ್ತಿರ ಬಂದು ನಿಂತುಬಿಟ್ಟವು.

ಆ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಎರೆ ಮಣ್ಣಿನಲ್ಲಿ ಎತ್ತಿನ ಬದಲು ಟ್ರ್ಯಾಕ್ಟರ್ ಮಾಡಿದೆ. ಅಜ್ಜ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಕೋಡು ಎಲ್ಲಿ ಅದಾವವ್ವಾ ಇದಕ್ಕ?" ಎಂದ. ನಾನು ಕೋಡು ಮಾಡಿ ಹಚ್ಚಿದೆ. ಅವನೇ ಕುಸುಬಿಯ ಕಾಳಿನಿಂದ ಕಣ್ಣು ಇಟ್ಟ. ದೇವರ ಜಗುಲಿಯ ಮೇಲೆ ಕೋಡಿನ ಟ್ರ್ಯಾಕ್ಟರಿಗೆ ಪೂಜೆಯಾಯಿತು, ಹೋಳಿಗೆಯ ಎಡೆಯೂ ಆಯಿತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ಹಾಗೆ ನಕ್ಕದ್ದನ್ನು ಆಮೇಲೆ ನಾನು ನೋಡಿಲ್ಲ.

ಹೊಸದನ್ನು ನೋಡಲು ಬೈಲಹೊಂಗಲಕ್ಕೆ ನಾಲ್ವರೂ ಬಸ್ಸಿನಲ್ಲಿ ಹೋದೆವು. ಅಂಗಡಿಯೊಳಗೆ ಹೊಸ ಟೈರಿನ ವಾಸನೆ, ಬಣ್ಣದ ವಾಸನೆ. ಅವ್ವ ನನ್ನನ್ನು ಎತ್ತಿ ಸೀಟಿನ ಮೇಲೆ ಕೂರಿಸಿದಳು. ಇಸ್ತ್ರಿ ಅಂಗಿಯ ಹುಡುಗನೊಬ್ಬ ಓಡಿ ಬಂದ.

"ಬರ್ರಿ ಅಜ್ಜಾರ, ಕುಂಡ್ರಿ. ಚಾ ತಗೋರಿ."

"ಚಾ ಇರಲಿ ತಮ್ಮಾ. ಇದು ಎಷ್ಟು ವರ್ಷ ದುಡದೈತಿ?" ಅಜ್ಜ ಕೇಳಿದ.

"ಹೊಸಾದ್ರೀ. ಇನ್ನೂ ಹೊಲಾನ ಕಂಡಿಲ್ಲ."

"ದುಡೀಲಾರದ್ದರ ಗುಣಾ ನಿನಗ ಹ್ಯಾಂಗ ಗೊತ್ತು ಮತ್ತ?"

ಹುಡುಗ ನಕ್ಕ, ಅಪ್ಪನೂ ನಕ್ಕ. ಅಜ್ಜ ನಗಲಿಲ್ಲ. ಅವನು ನಿಜವಾಗಿಯೇ ಕೇಳಿದ್ದ.

ಹೊರಗೆ ಬಂದ ಮೇಲೆ ಅವ್ವ ಅಪ್ಪನಿಗೆ ಮೆಲ್ಲಗೆ ಹೇಳಿದಳು. "ಇದನ್ನ ತಗೊಳ್ರಿ. ಹೊಸಾದಕ್ಕ ಏನರ ಆದ್ರ ಕೇಳಾಕ ಇವರಿದ್ದಾರ. ಮಂದಿ ಬಳಸಿದ್ದಕ್ಕ ಯಾರನ್ನ ಕೇಳೂಣು?"

ಬಸ್ಸಿನಲ್ಲಿ ಅಜ್ಜ ತನ್ನ ವಾದ ಹೂಡಿದ. "ಪಳಗಲಾರದ ಹೋರಿಗೆ ಯಾರರ ಎಕಾಎಕಿ ನೊಗಾ ಹಾಕತಾರೇನಪಾ? ಅದು ತಾನೂ ಬೀಳತೈತಿ, ನಮ್ಮನ್ನೂ ಬೀಳಸತೈತಿ. ಚಲೋ ಮನ್ಯಾಗ ನಾಕ ಹಂಗಾಮು ದುಡದಿದ್ದನ್ನ ನೋಡು. ಅಂಥಾದ್ದು ಹೇಳಿದ ಮಾತು ಕೇಳತೈತಿ."

"ಯಪ್ಪಾ, ಅದು ಕಬ್ಬಣ. ಅದಕ್ಕ ಪಳಗೂದು ಅಂತ ಇರಂಗಿಲ್ಲ."

"ಕಬ್ಬಣಕ್ಕ ಗುಣಾ ಇಲ್ಲಂದ್ರ ಎಲ್ಲಾ ಕುಡಗೋಲು ಒಂದ ಸಮ ಯಾಕ ಕೊಯ್ಯಂಗಿಲ್ಲ?"

ಅಪ್ಪ ಕಂಡಕ್ಟರನ ಕಡೆ ತಿರುಗಿ ಟಿಕೀಟು ಕೇಳಿದ. ಉತ್ತರ ಇದ್ದಿದ್ದರೂ ಅವನು ಹೇಳುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಬಳಸಿದ್ದು ಸಿಕ್ಕಿದ್ದು ರಾಮದುರ್ಗದ ಆಚೆ, ಮಲಪ್ರಭೆಯ ದಂಡೆಯ ಒಂದು ಮನೆಯಲ್ಲಿ. ಆ ಮನೆಯವರು ದೊಡ್ಡ ಟ್ರ್ಯಾಕ್ಟರ್ ತಂದಿದ್ದರಿಂದ ಸಣ್ಣದನ್ನು ಮಾರುವವರಿದ್ದರು. ಅಲ್ಲಿಗೂ ನಾಲ್ವರೂ ಹೋದೆವು. ಅಜ್ಜ ಮೊದಲು ಟ್ರ್ಯಾಕ್ಟರ್ ನೋಡಲೇ ಇಲ್ಲ. ಸೀದಾ ಅವರ ದನದ ಕೊಟ್ಟಿಗೆಗೆ ಹೋದ. ದನ ನೀರು ಕುಡಿಯುವ ಕಲ್ಲಿನ ದೋಣಿಯೊಳಗೆ ಕೈ ಹಾಕಿ ಪಾಚಿ ಇದೆಯೇ ಎಂದು ಮುಟ್ಟಿ ನೋಡಿದ, ಎಮ್ಮೆಯ ಕೊರಳ ಹಗ್ಗ ಒತ್ತಿದೆಯೇ ಎಂದು ನೋಡಿದ. ಊಟಕ್ಕೆ ಬಿಸಿ ರೊಟ್ಟಿ, ಝುಣಕ, ಗಟ್ಟಿ ಮೊಸರು ಹಾಕಿದರು. ಉಂಡು ಕೈ ತೊಳೆಯುವಷ್ಟರಲ್ಲಿ ಅಜ್ಜನ ತೀರ್ಮಾನ ಆಗಿಹೋಗಿತ್ತು. ಆಮೇಲೆ ಟ್ರ್ಯಾಕ್ಟರನ್ನು ಅಂಗಳದಲ್ಲಿ ಹಿಂದೆ ಮುಂದೆ ಓಡಿಸಲು ಹೇಳಿ, ಎತ್ತಿನ ನಡಿಗೆ ನೋಡುವವನಂತೆ ತಲೆ ವಾರೆ ಮಾಡಿ ನೋಡಿದ.

ಮನೆಯ ಯಜಮಾನ ಸಾಚಾ ಮನುಷ್ಯ. ತಾನಾಗಿಯೇ ಹೇಳಿದ. "ಒಂದು ಚಾಳಿ ಐತ್ರೀ ಇದಕ್ಕ, ಮುಚ್ಚಿಡಂಗಿಲ್ಲ. ನಿಲ್ಲಿಸಿದಾಗ ಬ್ರೇಕ್ ಹಿಡಿಯೂ ಕೊಕ್ಕಿ ಸವದೈತಿ. ಇಳಿಜಾರಿನ್ಯಾಗ ಗಾಲಿಗೆ ಕಲ್ಲು ಕೊಡ್ರಿ, ಅಂದ್ರ ನಿಂದ್ರತೈತಿ."

ದನದ ಸಂತೆಯಲ್ಲಿ ಚಾಳಿ ಮುಚ್ಚಿ ಮಾರುವವರನ್ನೇ ಜೀವಮಾನವೆಲ್ಲ ಕಂಡಿದ್ದ ಅಜ್ಜ ಕರಗಿಬಿಟ್ಟ. "ಚಾಳಿ ಹೇಳಿ ಮಾರಾವ ಸಿಗೂದು ಅಪರೂಪ. ಇಂಥಾ ಮನೀದು ಬಿಟ್ಟು ಆ ಅಂಗಡೀದು ತಗೋತೀಯೇನು?" ಎಂದು ಅಪ್ಪನ ಮುಖ ನೋಡಿದ.

ಅಪ್ಪ ಅವ್ವನ ಕಡೆ ನೋಡಿದ. ಅವ್ವ ಸೆರಗು ಸರಿಪಡಿಸಿಕೊಂಡು ನೆಲ ನೋಡಿದಳು. ರೊಕ್ಕದ ಅಡಚಣೆ ಇರಲಿಲ್ಲ, ಹೊಸದನ್ನು ತರುವ ಶಕ್ತಿ ನಮಗಿತ್ತು. ಆದರೆ ಎತ್ತನ್ನು ಕಸಿದುಕೊಂಡ ಮೇಲೆ ಕೊನೆಯ ಮಾತನ್ನಾದರೂ ಮುದುಕನಿಗೆ ಬಿಡಬೇಕು ಎಂದು ಅಪ್ಪನಿಗೆ ಅನಿಸಿರಬೇಕು.

"ಆತಪಾ. ನೀ ಹ್ಯಾಂಗಂತಿ ಹಂಗ," ಎಂದ.

ಆ ಹಿಂಗಾರಿಯಲ್ಲಿ ಅಜ್ಜ ಹುಡುಗನಂತಾದ. ಸೋಮವಾರ ಎತ್ತಿಗೆ ನೊಗ ಹೂಡದ ಹಾಗೆ ಟ್ರ್ಯಾಕ್ಟರಿಗೂ ಸೋಮವಾರ ರಜೆ ಕೊಡಿಸಿದ. ಅವತ್ತು ಅದರ ಮೈ ತೊಳೆದು ಮುಖಕ್ಕೆ ವಿಭೂತಿ ಹಚ್ಚುತ್ತಿದ್ದ. ಚಾಲೂ ಆಗಲು ಅದು ಸತಾಯಿಸಿದರೆ "ಮುನಸ್ಕೊಂಡೈತಿ, ತಡೀರಿ" ಎನ್ನುತ್ತಿದ್ದ. ಊರ ಮಂದಿ ಚೇಷ್ಟೆ ಮಾಡಿದರೆ, "ರಾಮದುರ್ಗದ ಮನೀ ಕೂಸದು, ನಿಮ್ಮಂಗ ಒರಟಲ್ಲ" ಎಂದು ತಿರುಗಿಸಿ ಕೊಡುತ್ತಿದ್ದ. ಅವ್ವ ಒಡೆದ ಬೀಸುಕಲ್ಲಿನ ತುಂಡೊಂದನ್ನು ಚೀಲದಲ್ಲಿ ಹಾಕಿ ಸೀಟಿನ ಹಿಂದೆ ಕಟ್ಟಿದಳು. ನಿಲ್ಲಿಸಿದಾಗ ಗಾಲಿಗೆ ಅದನ್ನು ಕೊಡುವುದು ರೂಢಿಯಾಯಿತು. ಕೊಕ್ಕೆ ಹಾಕಿಸಬೇಕು ಎಂದು ಅಪ್ಪ ಆಗಾಗ ಅನ್ನುತ್ತಿದ್ದ. ಅಜ್ಜ "ಬಿತ್ತಿಗಿ ಮುಗೀಲಿ, ಈಗ್ಯಾಕ ಅದನ್ನ ಕಂಡವರ ಕೈಯಾಗ ಕೊಡೂದು?" ಎನ್ನುತ್ತಿದ್ದ.

ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಅವ್ವನ ಜೊತೆ ನಾನು ಬುತ್ತಿ ಒಯ್ದಿದ್ದೆ. ಹಿಂದಿನ ದಿನ ಸಂಜೆ ಸಣ್ಣ ಮಳೆ ಬಿದ್ದಿತ್ತು. ಹೊಲದ ಮೇಲುಗಡೆ ಅಪ್ಪ ಟ್ರ್ಯಾಕ್ಟರ್ ನಿಲ್ಲಿಸಿದ್ದ, ಇಂಜಿನ್ ಚಾಲೂ ಇತ್ತು. ಅದರ ಹಿಂದೆ ಹೂಡಿದ್ದ ಕುಂಟೆಯ ಹಲ್ಲಿಗೆ ಮೆತ್ತಿದ್ದ ಎರೆ ಮಣ್ಣು ಬಿಡಿಸಲು ಕುಂಟೆಯನ್ನು ಮೇಲಕ್ಕೆತ್ತಿ, ಕೆಳಗಿಳಿದು ಹಿಂದೆ ಕುಳಿತು ಕೋಲಿನಿಂದ ಕೆರೆಯುತ್ತಿದ್ದ. ಗಾಲಿಗೆ ಕಲ್ಲು ಕೊಟ್ಟಿದ್ದ. ಅದನ್ನು ನಾನೂ ನೋಡಿದ್ದೇನೆ, ಅವ್ವನೂ ನೋಡಿದ್ದಾಳೆ. ಆದರೆ ನೆನೆದ ಎರೆ ಬೆಣ್ಣೆಯಂತಾಗಿತ್ತು. ಕಲ್ಲು ಅದರೊಳಗೆ ಜಾರಿತು. ಟ್ರ್ಯಾಕ್ಟರ್ ಅಪ್ಪನನ್ನು ಹಿಂದೆ ಬಿಟ್ಟು ಇಳಿಜಾರಿಗೆ ಹೊರಟಿತು.

ಕೆಳಗೆ ಹಳ್ಳದ ಕಡೆಯಿಂದ ಅಜ್ಜ ಮೇಲೆ ಬರುತ್ತಿದ್ದ. ಕೆಂಚನನ್ನು ಮೇಯಲು ಕಟ್ಟಿ ಊಟಕ್ಕೆ ಬರುತ್ತಿದ್ದವನು.

"ಯಪ್ಪಾ, ಸರೀ! ಬಾಜೂಕ ಸರೀ!" ಅಪ್ಪ ಚೀರುತ್ತ ಓಡಿದ.

ಅಜ್ಜನಿಗೆ ಕೇಳಿಸಿತ್ತು, ಕಂಡಿತ್ತು. ಹೊತ್ತೂ ಇತ್ತು. ಮೊಣಕಾಲು ನೋಯುವವನೂ ಬದಿಗೆ ಸರಿಯುವಷ್ಟು ಹೊತ್ತು ಇತ್ತು. ಅವನು ಸರಿಯಲಿಲ್ಲ. ಕೈಯಲ್ಲಿದ್ದ ಕೋಲನ್ನು ಕೆಳಗೆ ಹಾಕಿ, ಬರುತ್ತಿದ್ದ ಟ್ರ್ಯಾಕ್ಟರಿಗೆ ಎದುರಾಗಿ ನಿಂತು, ಬಲಗೈ ಎತ್ತಿ "ಹೋ... ಹೋ..." ಎಂದ. ಸಿಟ್ಟಿರಲಿಲ್ಲ, ಅಂಜಿಕೆಯೂ ಇರಲಿಲ್ಲ. ಅದು ನಿಲ್ಲುತ್ತದೆ ಎಂಬುದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ.

ಅದು ನಿಂತದ್ದು ಕೆಳಗಿನ ಒಡ್ಡಿಗೆ ಹಾಯ್ದು. ಅವ್ವ ನನ್ನ ಮುಖವನ್ನು ತನ್ನ ಸೀರೆಯಲ್ಲಿ ಒತ್ತಿ ಹಿಡಿದಳು. ಬದನೆಕಾಯಿ ಪಲ್ಯದ ವಾಸನೆ, ಮೊಸರಿನ ವಾಸನೆ, ಅವಳ ಬೆವರು. ಗಾಡಿ ತರಲು ಮಂದಿ ಓಡಿದರು. ಗಾಡಿ ಬರುವುದರೊಳಗೆ ಅಜ್ಜ ಹೋಗಿಬಿಟ್ಟಿದ್ದ.

ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಕುಳಿತ ಹಾಗೆಯೇ ಮಣ್ಣು ಮಾಡುತ್ತಾರೆ. ಅಜ್ಜನ ಎದೆಯ ಎಲುಬು ಮುರಿದಿದ್ದರಿಂದ ಅವನು ಕೂರಲಿಲ್ಲ, ಮತ್ತೆ ಮತ್ತೆ ಮುಂದಕ್ಕೆ ಬಾಗುತ್ತಿದ್ದ. ಹೆಂಗಸರು ಅಳುವುದನ್ನು ನಿಲ್ಲಿಸಿ ನೋಡಿದರು. ಕೊನೆಗೆ ಅಪ್ಪ ತನ್ನ ಧೋತರ ಹರಿದು ಅವನನ್ನು ಗೋಡೆಯ ಗೂಟಕ್ಕೆ ಆನಿಸಿ ಕಟ್ಟಿದ. ಎತ್ತಿನ ಹಗ್ಗ ಕಟ್ಟುವವನಂತೆ ಪ್ರತಿ ಗಂಟನ್ನೂ ಎಳೆದು ನೋಡಿದ. ಅದನ್ನು ನೋಡಿ ನನಗೆ ಅಪ್ಪನ ಬಗ್ಗೆ ಹೆದರಿಕೆಯಾಯಿತು.

ಮಾತಾಡಿಸಲು ಬಂದವರಲ್ಲಿ ಯಾರೋ "ಹೊಸಾದು ತಂದಿದ್ರ ಮುದುಕ ಇರತಿದ್ದ" ಎಂದರು. ಅಪ್ಪ ಕೇಳಿಸಿಕೊಂಡ. ಅವ್ವ ಆ ಮಾತನ್ನು ಅವತ್ತೂ ಹೇಳಲಿಲ್ಲ, ಇವತ್ತಿನವರೆಗೂ ಹೇಳಿಲ್ಲ. ಅವಳು ಹೇಳಲಿ ಎಂದು ಅಪ್ಪ ಎಷ್ಟು ಕಾದ ಎಂಬುದು ನನಗೆ ಗೊತ್ತು. ಊಟಕ್ಕೆ ಕುಳಿತಾಗ ತಾಟು ಮುಂದೆ ಇಟ್ಟುಕೊಂಡು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ರೊಟ್ಟಿ ಹಾಕಿ ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ಅವನು ಮತ್ತೆ ಮೊದಲಿನ ಮನುಷ್ಯನಾಗುತ್ತಿದ್ದನೇನೋ.

ಕೊಕ್ಕೆಯನ್ನು ನೇಸರಗಿಯಲ್ಲಿ ಹಾಕಿಸಿದರು. ಒಂದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ ಅದು. ಆ ವರ್ಷದ ಜೋಳವನ್ನು ಅದೇ ಟ್ರ್ಯಾಕ್ಟರ್ ಬಿತ್ತಿತು. ಅಜ್ಜ ಬಿದ್ದ ಜಾಗವನ್ನು ಮಾತ್ರ ಅಪ್ಪ ಸುತ್ತಿ ಹೋದ. ಅಷ್ಟಗಲ ನೆಲ ಬಿತ್ತದೆ ಉಳಿದು, ಅಲ್ಲಿ ಕರಿಕೆ ಹುಲ್ಲು ಬೆಳೆಯಿತು.

ಈಗ ಎಲ್ಲರ ಮನೆಯಲ್ಲೂ ಸಣ್ಣ ಟ್ರ್ಯಾಕ್ಟರ್ ಇದೆ, ಯಾರೂ ನಗುವುದಿಲ್ಲ. ನಮ್ಮಲ್ಲೂ ಆಮೇಲೆ ಹೊಸದು ಬಂತು. ಅದನ್ನು ಆರಿಸಿದವಳು ಅವ್ವ. ಅಪ್ಪ ಅಂಗಡಿಯ ಬಾಗಿಲಲ್ಲೇ ನಿಂತಿದ್ದ. ಮಂದಿ ಅವನಿಗೆ ವಯಸ್ಸಾಯಿತು ಎಂದುಕೊಂಡರು. ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ. ಒಮ್ಮೆ ಒಬ್ಬರ ಮನಸ್ಸು ಉಳಿಸಲು "ಹೂಂ" ಅಂದವನು ಮತ್ತೆ ಯಾವುದಕ್ಕೂ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ.

ನನ್ನನ್ನು ನೋಡಲು ದೊಡವಾಡದಿಂದ ಗಂಡಿನವರು ಬಂದು ಹೋದ ಸಂಜೆ ನಾನು ಅಪ್ಪನ ಹತ್ತಿರ ಕುಳಿತೆ.

"ಹ್ಯಾಂಗ ಅನಸ್ತಪಾ ನಿನಗ ಹುಡುಗ?"

"ನಿನ್ನ ಮನಸಿಗೆ ಬಂದಂಗ ಮಾಡವ್ವಾ. ನನ್ನ ಕೇಳಬ್ಯಾಡ."

"ಬ್ಯಾಡ ಅಂತರ ಅನ್ನು. ಏನರ ಒಂದು ಅನ್ನು."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಗೆಳತಿಯರು "ಪುಣ್ಯಾ ಮಾಡೀಯವ್ವಾ, ನಮ್ಮಪ್ಪ ನಮ್ಮನ್ನ ಕೇಳೂದೂ ಇಲ್ಲ" ಎಂದು ಹೊಟ್ಟೆಕಿಚ್ಚು ಪಟ್ಟರು. ನನಗೆ ಅವರ ಅಪ್ಪಂದಿರ ಮೇಲೆ ಹೊಟ್ಟೆಕಿಚ್ಚಾಗಿತ್ತು. ನಿಶ್ಚಯದ ದಿನ ಹಿರಿಯರು "ಏನ್ರೀ ಯಜಮಾನ್ರ, ಹುಡುಗೀನ ಕೊಟ್ರಿ?" ಎಂದು ಕೇಳಿದರು. ಹೆಣ್ಣಿನ ತಂದೆ "ಕೊಟ್ಟೇವ್ರಿ" ಅನ್ನಬೇಕು. ಅಪ್ಪ ತುಟಿ ತೆರೆದ, ಮಾತು ಬರಲಿಲ್ಲ. ಮಂದಿ ಕಾದರು. ಒಳಬಾಗಿಲಲ್ಲಿ ನಿಂತಿದ್ದ ಅವ್ವ "ಕೊಟ್ಟೇವ್ರಿ" ಎಂದಳು.

ನಾನು ದೊಡವಾಡದಲ್ಲಿ ಚೆನ್ನಾಗಿದ್ದೇನೆ. ಗಂಡ ಒಳ್ಳೆಯವನು. ಇಲ್ಲಿ ಹೆಂಗಸರು ಕೂಡಿ ಕುಳಿತರೆ, "ನಮ್ಮಪ್ಪ ಹಿಂಗಂತಿದ್ದ, ನಮ್ಮಪ್ಪ ಹಂಗಂತಿದ್ದ" ಎಂದು ಗಂಟೆಗಟ್ಟಲೆ ಮಾತಾಡುತ್ತಾರೆ. ಅವರಲ್ಲಿ ಹೆಚ್ಚಿನವರ ಅಪ್ಪಂದಿರು ಈಗಿಲ್ಲ. ನನ್ನ ಅಪ್ಪ ಇದ್ದಾನೆ, ಗಟ್ಟಿಯಾಗಿದ್ದಾನೆ, ಹೋದಾಗಲೆಲ್ಲ ನನ್ನನ್ನು ಬಸ್ಸಿಗೆ ಬಿಡಲು ಬರುತ್ತಾನೆ. ಆದರೆ "ನಮ್ಮಪ್ಪ ಹಿಂಗಂದ" ಎಂದು ಹೇಳಲು ನನ್ನ ಹತ್ತಿರ ಏನೂ ಇಲ್ಲ.