ಒಂದು ಕಣ್ಣಿಗೆ ಮಾಸಿದ ಕುಂಕುಮ

ಕಾರ್ಖಾನೆಯ ಸೈರನ್ ಕೂಗಿ ಯಜಮಾನರು ಕೆಲಸಕ್ಕೆ ಹೊರಟ ಮೇಲೆ ನಾನು ಹಾಲು ಕಾಯಿಸುವುದು, ಅತ್ತೆ ತುಳಸಿಗೆ ನೀರು ಹಾಕುವುದು, ನಾದಿನಿ ಕಿಟಕಿಯ ಬಳಿ ಕೈಗನ್ನಡಿ ಹಿಡಿದು ಕುಂಕುಮ ಇಟ್ಟುಕೊಳ್ಳುವುದು. ಭದ್ರಾವತಿಯ ನಮ್ಮ ಕ್ವಾರ್ಟರ್ಸಿನಲ್ಲಿ ಆ ದಿನವೂ ಹೀಗೆಯೇ ಶುರುವಾಯಿತು. ನಾದಿನಿ ಔಷಧಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಥೈರಾಯ್ಡಿನ ತೊಂದರೆಯಿಂದ ಅವಳ ಕತ್ತು ಊದಿತ್ತು, ಕಣ್ಣುಗಳು ಮುಂದಕ್ಕೆ ಬಂದಿದ್ದವು. ಎಡಗಣ್ಣಿನಲ್ಲಿ ಸದಾ ನೀರು.

ಸೆರಗಿನಿಂದ ಎಡಗಣ್ಣನ್ನು ಒತ್ತಿಕೊಂಡೇ ಕೇಳಿದಳು: "ಅತ್ತಿಗೆ, ಕುಂಕುಮ ಬದಲಾಯಿಸಿದ್ರಾ? ಇಟ್ಟಿಗೆ ಪುಡಿ ಥರ ಇದೆ."

ಆ ಕುಂಕುಮ ಅತ್ತೆಯೇ ಕೈಯಾರೆ ಮಾಡಿದ್ದು. ಅವರಿಗೆ ರೇಗಿತು. "ನಾನು ಮಾಡಿದ್ದಕ್ಕೂ ಹೆಸರಿಡ್ತೀಯೇನೆ?"

ನಾದಿನಿ ಸೆರಗು ಇಳಿಸಿ ಮತ್ತೆ ನೋಡಿ, "ಅಯ್ಯೋ ಇಲ್ಲಮ್ಮ, ಈಗ ಸರಿ ಇದೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್, ಎರಡು ಕೆಂಪು ದಾರಗಳ ವ್ಯತ್ಯಾಸ ಹೇಳದೆ ಸೂಜಿ ಮುಟ್ಟಲು ಬಿಡುತ್ತಿರಲಿಲ್ಲ. ನನ್ನ ಡಬ್ಬಿಯಿಂದ ಕೆಂಪು ದಾರ ತಂದು, ನಾದಿನಿಯ ಎಡಗಣ್ಣು ಮುಚ್ಚಿ ತೋರಿಸಿದೆ.

"ಕಂದು," ಎಂದಳು.

ಬಲಗಣ್ಣು ಮುಚ್ಚಿ ಅದೇ ದಾರ ತೋರಿಸಿದೆ.

"ದಾಸವಾಳದ ಕೆಂಪು."

ಮೂರು ಸಲ ಕೇಳಿದರೂ ಅದೇ ಉತ್ತರ.

"ಪಂಚಾಂಗದ ಸಣ್ಣಕ್ಷರ ಓದ್ತಾಳಲ್ಲ, ಕಣ್ಣಿಗೇನಾಗಿದೆ? ಬಾ, ದೃಷ್ಟಿ ತೆಗೀತೀನಿ," ಎಂದರು ಅತ್ತೆ.

"ತೆಗೀರಿ ಅತ್ತೆ. ಆಮೇಲೆ ನಾವು ಶಿವಮೊಗ್ಗದ ರೈಲಿಗೆ ಹೋಗ್ತೀವಿ," ಎಂದೆ. ಅವರನ್ನು ಕೇಳದೆ ನಾನು ಏನನ್ನಾದರೂ ತೀರ್ಮಾನಿಸಿದ್ದು ಅದೇ ಮೊದಲು.

ಶಿವಮೊಗ್ಗದ ಕಣ್ಣಿನ ಡಾಕ್ಟರು ಗೋಡೆಯ ಅಕ್ಷರಗಳನ್ನು ಓದಿಸಿದರು. ಕೊನೆಯ ಸಾಲಿನವರೆಗೂ ಸರಾಗವಾಗಿ ಓದಿದಳು. ಅವರು ಪೆನ್ನಿನ ಮುಚ್ಚಳ ಹಾಕುತ್ತಿದ್ದಾಗ ನಾನು ಚೀಲದಿಂದ ದಾರ ತೆಗೆದೆ. "ಡಾಕ್ಟರೇ, ಇದನ್ನೂ ಒಂದು ಸಲ ಕೇಳಿ ನೋಡಿ."

ಕೇಳಿದರು. ಆಮೇಲೆ ಪರದೆ ಎಳೆದು, ಪುಟ್ಟ ದೀಪದ ಸಲಕರಣೆಯಿಂದ ಬಹಳ ಹೊತ್ತು ಅವಳ ಕಣ್ಣೊಳಗೆ ನೋಡಿದರು.

"ನೀರು ಸುರಿಯೋ ಎಡಗಣ್ಣಲ್ಲ, ಬಲಗಣ್ಣು. ಅದರ ಹಿಂದೆ ಊತ ಇದೆ, ನರ ಒತ್ತಿಕೊಳ್ತಾ ಇದೆ. ಹೀಗೇ ಬಿಟ್ರೆ ಕಣ್ಣು ಹೋಗುತ್ತೆ. ಎಷ್ಟೋ ಸಲ ಅಕ್ಷರಕ್ಕಿಂತ ಮೊದಲು ಬಣ್ಣ ಮಾಸುತ್ತೆ. ಬೇಗ ಬಂದ್ರಿ. ಕಾಗದ ಕೊಡ್ತೀನಿ, ಈ ವಾರವೇ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊರಡಿ," ಎಂದರು. ಬಳಿಕ ನನ್ನ ಕಡೆ ತಿರುಗಿ, "ಈ ಪರೀಕ್ಷೆ ಯಾವ ಡಾಕ್ಟರು ಹೇಳಿಕೊಟ್ಟಿದ್ದು?"

"ಕಸೂತಿ ಟೀಚರು," ಎಂದೆ.

ಅವರು ಗೇಣುದ್ದ ದಾರ ಕತ್ತರಿಸಿ ತಮ್ಮ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡರು. ಶಾಲೆಯಲ್ಲಿ ಬಹುಮಾನ ಬಂದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಗಿ ನಾದಿನಿಯ ಕಣ್ಣು ಉಳಿಯಿತು. ಮುಂದೆ ನನ್ನ ಮಗಳ ಲಂಗದ ಅಂಚಿಗೆ ಕೆಂಪು ಹೂ ಹೊಲಿದವಳು ಅವಳೇ.

ಶಿವಮೊಗ್ಗಕ್ಕೆ ಹೋಗಿದ್ದ ದಿನ ಸಂಜೆ ನಾವು ಮನೆಗೆ ಬಂದು ವಿಷಯ ಹೇಳಿದ್ದೇ ತಡ, ಅತ್ತೆ ಬೇಲಿಯ ಹತ್ತಿರ ಹೋಗಿ, "ನಮ್ಮ ಸೊಸೆ ಕಂಡುಹಿಡಿದಿದ್ದು!" ಎಂದು ಪಕ್ಕದ ಮನೆಯಾಕೆಗೆ ಸಾರಿದರು.

ಆಕೆ ಮೊರದ ಅಕ್ಕಿಯಿಂದ ತಲೆ ಎತ್ತದೆ, "ಹೌದಾ ಮಾರಾಯ್ತಿ? ಹಾಗಾದ್ರೆ ನಾಳೆ ಅವಳನ್ನ ಕಳಿಸು, ನಮ್ಮ ಮೆಣಸಿನಕಾಯಿ ಬಣ್ಣಾನೂ ನೋಡಿ ಹೋಗ್ಲಿ. ಅಂಗಡಿಯವನು ಬ್ಯಾಡಗಿ ಅಂತಾನೆ, ನಂಗ್ಯಾಕೋ ನಂಬಿಕೆ ಇಲ್ಲ," ಎಂದರು.