ಡಿಕ್ಕಿ ಮುಚ್ಚಳದ ಚುಕ್ಕಿಗಳು

ಓದುವ ಎಲ್ಲರಿಗೂ ನಮಸ್ಕಾರ. ರುದ್ರಣ್ಣನಿಗೆ ನಾನು ಒಂದು ಸುಳ್ಳು ಹೇಳಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬೇರೆ ಏನೇನೋ ಬರೆದು ಇದನ್ನೇ ಬಿಟ್ಟುಬಿಡುತ್ತೇನೆ. ಮಕ್ಕಳಾದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ಮೊಬೈಲಿನಲ್ಲಿ ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ಒತ್ತಕ್ಷರ, ದೀರ್ಘ ತಪ್ಪಿದ್ದರೆ ಕ್ಷಮಿಸಿ.

ಪೀಣ್ಯದಲ್ಲಿ ನಮ್ಮಿಬ್ಬರದೂ ಒಂದೇ ವಠಾರ. ರುದ್ರಣ್ಣ ಲೇತ್ ಕೆಲಸದವರು. ನಾನು ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ — ಕಬ್ಬಿಣದ ಸಾಮಾನನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ ಹಳೇ ಬಣ್ಣ ತೆಗೆದು, ಹೊಸ ಬಣ್ಣ ಹಾಕಿ ಬೇಯಿಸುವ ಕೆಲಸ. ಅವರ ಹೆಂಡತಿ ಗಿರಿಜಕ್ಕ ತೀರಿಕೊಂಡ ಮೇಲೆ ರುದ್ರಣ್ಣ ಕೆಲಸ ಬಿಟ್ಟರು, ಕುಡಿತ ಹಿಡಿದರು, ಮಾತು ನಿಲ್ಲಿಸಿದರು. ನಮ್ಮಂಥ ಗಂಡಸರಿಗೆ ಇನ್ನೊಬ್ಬ ಗಂಡಸಿನ ಮನಸ್ಸು ಕೇಳುವುದಕ್ಕೆ ಬರುವುದಿಲ್ಲ. ಊಟ ಆಯ್ತಾ ಎನ್ನುತ್ತೇವೆ, ಅಷ್ಟೇ.

ಹೀಗಿರುವಾಗ ಒಂದು ಭಾನುವಾರ ಅವರು ಮೂಲೆಯಲ್ಲಿದ್ದ ಹಳೇ ಸ್ಕೂಟರ್ ಎಳೆದು ತಂದು ಬಿಚ್ಚಿ ಹಾಕಿದರು. ಅವತ್ತಿನಿಂದ ದಿನಾ ಬೆಳಿಗ್ಗೆ ಬಾಗಿಲ ಮುಂದೆ ಪೇಪರ್ ಹಾಸಿಕೊಂಡು, ಉಪ್ಪುಕಾಗದ ನೀರಿನಲ್ಲಿ ಅದ್ದಿ ಒಂದೊಂದೇ ತಗಡನ್ನು ಉಜ್ಜುತ್ತಾ ಕೂರುವುದು. ಕುಡಿತ ತಾನಾಗಿ ಕಡಿಮೆಯಾಯಿತು. ಗಡ್ಡ ತೆಗೆದರು. ಪಕ್ಕದ ಮನೆಯವರು ಒಮ್ಮೆ, "ಏನ್ ರುದ್ರಣ್ಣ, ತಗಡಿನಾಚೆ ಮೇನ್ ರೋಡ್ ಕಾಣೋವರ್ಗೂ ಉಜ್ತೀರಾ?" ಎಂದು ಕಾಲೆಳೆದರು. "ಕಂಡ್ರೆ ನಿಂಗೂ ತೋರಿಸ್ತೀನಿ ಇರೋ" ಎಂದು ರುದ್ರಣ್ಣ ನಕ್ಕರು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ.

ನನಗೊಬ್ಬನಿಗೆ ಕಾರಣ ಹೇಳಿದ್ದರು. ಮದುವೆಯಾದ ಮೊದಲ ವರ್ಷ, ಆಯುಧ ಪೂಜೆಯ ದಿನ, ಗಿರಿಜಕ್ಕ ಸ್ಕೂಟರಿನ ಮುಂದಿನ ಡಿಕ್ಕಿಯ ಮುಚ್ಚಳದ ಒಳಗಡೆ ಬಿಳಿ ಪೇಂಟಿನಲ್ಲಿ ಪುಟ್ಟ ರಂಗೋಲಿ ಬರೆದಿದ್ದರಂತೆ. ಆಮೇಲೆ ಗಾಡಿಗೆ ಬಣ್ಣದ ಮೇಲೆ ಬಣ್ಣ ಬಿದ್ದು ಅದು ಮುಚ್ಚಿಹೋಯಿತು. "ಅವಸರ ಮಾಡಿದ್ರೆ ಅದೂ ಹೊಂಟೋಗ್ತದೆ ಕಣೋ. ನಿಧಾನಕ್ಕೆ ಹೋದ್ರೆ ಸಿಗ್ತಾಳೆ" ಎಂದಿದ್ದರು.

ಇಷ್ಟು ಗೊತ್ತಿದ್ದೂ —

ಪಿತೃಪಕ್ಷದಲ್ಲಿ ಅವರು ಹೆಂಡತಿಗೆ ಎಡೆ ಇಡಲು ಊರಿಗೆ ಹೋದರು. ಆಯುಧ ಪೂಜೆ ಹತ್ತಿರ ಬಂದಿತ್ತು. ನಮ್ಮ ಕಡೆ ಅವತ್ತು ಒಂದು ಸಣ್ಣ ಸ್ಪ್ಯಾನರಿಗೂ ಕುಂಕುಮ ಬೀಳುತ್ತದೆ. ಬಿಚ್ಚಿ ಹರಡಿದ ಗಾಡಿಗೆ ಯಾರು ಪೂಜೆ ಮಾಡುತ್ತಾರೆ? ಅವರು ಬರುವುದರೊಳಗೆ ಹೊಸದು ಮಾಡಿ, ಬಾಳೆಕಂದು ಕಟ್ಟಿ ನಿಲ್ಲಿಸಬೇಕೆಂದುಕೊಂಡೆ. ನಿಜ ಹೇಳುತ್ತೇನೆ, ಅವರ ಸಂತೋಷ ಒಂದೇ ಅಲ್ಲ. ರುದ್ರಣ್ಣನನ್ನು ಮನುಷ್ಯನನ್ನಾಗಿ ಮಾಡಿದ್ದು ಇವನೇ ಎಂದು ವಠಾರದವರು ಅನ್ನಬೇಕಿತ್ತು ನನಗೆ.

ಶೆಡ್ಡಿನಲ್ಲಿ ತಗಡುಗಳನ್ನೆಲ್ಲ ಕೊಕ್ಕೆಗೆ ನೇತು ಹಾಕಿದೆ. ಕೊನೆಗೆ ಆ ಮುಚ್ಚಳ ಕೈಯಲ್ಲಿ ಉಳಿಯಿತು. ಉಜ್ಜಿದ ಕೆಸರು ಅದರ ಮೇಲೆ ಒಣಗಿ ಅಂಟಿತ್ತು, ಊರಿಗೆ ಹೊರಡುವ ಮುಂಚೆ ಅವರು ಒರೆಸಿ ನೋಡಿರಲಿಲ್ಲ. ನಾನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅವರು ಉಜ್ಜಿ ನಿಲ್ಲಿಸಿದ್ದ ಕಡೆ ಬಿಳಿ ಚುಕ್ಕಿಗಳು, ಸಾಲಾಗಿ. ಪಕ್ಕದಲ್ಲಿ ಒಂದು ಗೆರೆ ಬಾಗುವುದಕ್ಕೆ ಶುರುವಾಗಿತ್ತು — ಅಷ್ಟು ಹತ್ತಿರ ಬಂದಿದ್ದರು. ಅದನ್ನು ತೆಗೆದು ನನ್ನ ಊಟದ ಚೀಲದಲ್ಲಿ ಇಟ್ಟುಕೊಳ್ಳಬಹುದಿತ್ತು. ಆದರೆ ಅಷ್ಟು ಹೊಳೆಯುವ ಗಾಡಿಗೆ ಮಾಸಿದ ಮುಚ್ಚಳ ಹಾಕಿದರೆ ಚೆನ್ನಾಗಿರುತ್ತದೆಯೇ ಎಂದು — ಇದನ್ನು ಬರೆಯಲು ಕೈ ಬರುತ್ತಿಲ್ಲ — ಅಷ್ಟಕ್ಕೋಸ್ಕರ ಅದನ್ನೂ ಕೊಕ್ಕೆಗೆ ಹಾಕಿದೆ. ತೊಟ್ಟಿಯಿಂದ ಬರೀ ಕಬ್ಬಿಣ ಮೇಲೆ ಬಂತು.

ರುದ್ರಣ್ಣ ವಾಪಸು ಬಂದಾಗ ಗಾಡಿ ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ವಠಾರದವರೆಲ್ಲ ಸುತ್ತ ಸೇರಿದ್ದರು. ಅವರು ಬಣ್ಣ ನೋಡಲಿಲ್ಲ. ನೇರವಾಗಿ ಡಿಕ್ಕಿ ತೆಗೆದರು. ಮುಚ್ಚಳದ ಒಳಗೆ ಕೈಯಾಡಿಸಿದರು. ತುಂಬಾ ಹೊತ್ತು.

"ಒಳಗಡೆ ಏನಾದ್ರೂ ಇತ್ತೇನೋ?"

"ಏನೂ ಇರ್ಲಿಲ್ಲ ರುದ್ರಣ್ಣ. ನಾನೇ ಒರೆಸಿ ನೋಡ್ದೆ."

"ಹಂಗಾದ್ರೆ ನಾನೇ ಏನೋ ಅಂದ್ಕೊಂಡಿದ್ದೆ, ಬಿಡು" ಎಂದರು. ಆಮೇಲೆ ಎಲ್ಲರ ಎದುರಿಗೆ ನನಗೆ ಕೈ ಮುಗಿದರು.

ಆ ಸ್ಕೂಟರನ್ನು ಅವರು ಒಂದು ಸಲವೂ ಕಿಕ್ ಮಾಡಲಿಲ್ಲ. ಬೆಳಿಗ್ಗೆ ಬಾಗಿಲ ಮುಂದೆ ಬಂದು ಕೂರುತ್ತಿದ್ದರು, ಕೈಗೆ ಕೆಲಸವಿರಲಿಲ್ಲ. ಸ್ವಲ್ಪ ದಿನದ ಮೇಲೆ ಕೇಳತೊಡಗಿದರು. ಗಿರಿಜಾ ನಿಜವಾಗಲೂ ಅಡುಗೆ ಮಾಡುವಾಗ ಹಾಡುತ್ತಿದ್ದಳೇ, ಇಲ್ಲ ತಾವೇ ಅಂದುಕೊಂಡಿದ್ದೇ? ಅವಳಿಗೆ ಸಂಪಿಗೆ ಇಷ್ಟವಿತ್ತೇ, ಮಲ್ಲಿಗೆಯೇ? ರಂಗೋಲಿ ಸುಳ್ಳಾದ ಮೇಲೆ ಅವರಿಗೆ ಒಂದೊಂದೇ ನೆನಪು ಸುಳ್ಳಾಗುತ್ತಾ ಹೋಯಿತು. ನಾನು ಎದುರಿಗೇ ಇದ್ದೆ. ಬಾಯಿ ಬಿಡಲಿಲ್ಲ. ಕುಡಿತ ಮತ್ತೆ ಶುರುವಾಯಿತು. ಮಗಳು ಬಂದು ಚಂದಾಪುರದ ತನ್ನ ಮನೆಗೆ ಕರೆದುಕೊಂಡು ಹೋದಳು.

ವರ್ಷಗಳಾದ ಮೇಲೆ, ಈ ಯುಗಾದಿಗೆ, ಹೋಗಿ ಎಲ್ಲ ಹೇಳಿದೆ. ಚುಕ್ಕಿ, ಬಾಗಿದ ಗೆರೆ, ತೊಟ್ಟಿ, ನನ್ನ ಸುಳ್ಳು — ಎಲ್ಲ. ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು ನನ್ನ ಕೈ ತಟ್ಟಿದರು.

"ನನ್ ಸಮಾಧಾನಕ್ಕೆ ಹೇಳ್ತಿದೀಯ. ಒಳ್ಳೇವ್ನು ಕಣೋ ನೀನು. ಟೀ ಕುಡಿ, ಆರೋಗ್ತದೆ."

ಮಕ್ಕಳ ಮೇಲೆ ಆಣೆ ಇಟ್ಟೆ. ನಕ್ಕರು. ಆಮೇಲೂ ಹೋಗಿದ್ದೇನೆ, ಮತ್ತೆ ಹೇಳಿದ್ದೇನೆ. ಹೇಳಿದಷ್ಟೂ ಅವರಿಗೆ ನನ್ನ ಮೇಲೆ ಕನಿಕರ ಹೆಚ್ಚುತ್ತಿದೆ. ಬದುಕಿರುವವರೆಗೆ ಹೋಗುತ್ತೇನೆ. ನಂಬುತ್ತಾರೆಂಬ ಆಸೆ ಇಲ್ಲ.

ನಿಮ್ಮಲ್ಲಿ ಯಾರಾದರೂ ಹೀಗೆ, ತೆಗೆದುಕೊಳ್ಳುವವರೇ ಇಲ್ಲದಂತಾದ ಮೇಲೆ ನಿಜವನ್ನು ಹಿಡಿದುಕೊಂಡು ಹೋಗಿದ್ದರೆ, ಅದನ್ನು ಇಟ್ಟುಕೊಂಡು ಹೇಗೆ ಬದುಕುತ್ತಿದ್ದೀರೆಂದು ದಯವಿಟ್ಟು ಬರೆಯಿರಿ. ನಾನು ನಿಧಾನವಾಗಿ ಆದರೂ ಎಲ್ಲವನ್ನೂ ಓದುತ್ತೇನೆ. ಅವರು ನಂಬದಿದ್ದರೂ ನಿಮಗಾದರೂ ಗೊತ್ತಿರಲಿ — ಚುಕ್ಕಿಗಳಿದ್ದವು. ನಾನು ನೋಡಿದ್ದೆ.